ತರಕಾರಿಯಂಥ ಫುಟ್‌ಬಾಲ್

ಮೊಮ್ಮಕ್ಕಳೇ, ನಿಮ್ಮಜ್ಜಿ ನಾನು ಈ ದೂರದ ಊರಿನ ಲೇಕ್ ಗಾರ್ಡನ್ಸ್ ಸ್ಟೇಷನ್ ಹತ್ತಿರದ ಮೈದಾನದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಸುಧತ್ತೆ ತನ್ನ ಕಂಪ್ಯೂಟರ್ ಕಂಪನಿಯ ಗೆಳತಿಯರ ಜೊತೆ ಆಡಲು ಎರಡೂ ತುದಿ ಚೂಪಾದ ಅಮೆರಿಕದ ಫುಟ್‌ಬಾಲ್ ತಂದಿದ್ದಾಳೆ. ಮೈದಾನ ಮಾತ್ರ ಈ ಬಡಾವಣೆಯ ಕ್ಲಬ್ಬಿನದು. ಕ್ಲಬ್ಬಿನ ಹಿರಿಯರೊಬ್ಬರನ್ನು ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುತ್ತಾರೆ. ಅವರ ಹಿಂದಿಯನ್ನು ಸುಧಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

“ಇದು ಫುಟ್‌ಬಾಲಾ? ಇದು ಪಟೋಲ್! ಆಲೂಗಡ್ಡೆ ಜೊತೆ ಸಾರು ಮಾಡಮ್ಮ” ಎಂದು ದಾದಾ ನಕ್ಕರು. ಪಟೋಲ್ ಎಂದರೆ ಇಲ್ಲಿಯವರು ತಿನ್ನುವ, ದಪ್ಪ ತೊಂಡೆಕಾಯಿಯಂಥ ತರಕಾರಿ.

ಸುಧಾ ಸಿಟ್ಟಾಗಲಿಲ್ಲ. “ಮೊದಲು ಇದೂ ಕಲ್ಲಂಗಡಿ ಹಾಗೆ ದಪ್ಪಗಿತ್ತು ದಾದಾ. ಕೈಯಿಂದ ಮುಂದಕ್ಕೆ ಎಸೀಬಹುದು ಅಂತ ನಿಯಮ ಬಂದಮೇಲೆ, ಹಿಡಿಯೋಕೆ ಸುಲಭವಾಗಲಿ ಅಂತ ಬರಬರುತ್ತಾ ಸಣ್ಣ ಮಾಡಿದರು, ತುದಿ ಚೂಪು ಮಾಡಿದರು. ಒಳಗಡೆ ಗಾಳಿಚೀಲ ತುರುಕಿ, ಚೆಂಡಿನ ಬಾಯಿ ಬಿಗಿಯೋಕೆ ಅಂತ ಇದ್ದ ಮೇಲಿನ ಈ ದಾರ ಈಗ ಬೆರಳು ಊರೋಕೆ.”

“ಹಾಗಾದ್ರೆ ಇಲ್ಲಿಂದ ಆ ಗೋಲುಕಂಬ ದಾಟಿಸು. ದಾಟಿದ್ರೆ ಸಂಜೆವರೆಗೆ ಮೈದಾನ ನಿಮ್ಮದು. ಇಲ್ಲಾಂದ್ರೆ ಮನೆಗೆ ಹೊರಡಿ!”

ಗೆಳತಿಯರೆಲ್ಲ ಅವಳ ಮುಖ ನೋಡಿದರು. ಸುಧಾ ದಾರದ ಮೇಲೆ ಬೆರಳೂರಿ ಎಸೆದಳು. ಚೆಂಡು ಗಿರಗಿರ ತಿರುಗುತ್ತಾ, ಒಂದಿಷ್ಟೂ ಓಲಾಡದೆ, ಕಂಬದ ಆಚೆ ಹೋಗಿ ಬಿತ್ತು.

“ಬಾಪ್ ರೇ!” ಎಂದ ದಾದಾ ಚೆಂಡು ತರಲು ತಾವೇ ಓಡಿದರು. ಹೊರಗಿನವರ ಮುಂದೆ ಬಾಯಿ ಬಿಡದ ನಾನು ಎದ್ದು ನಿಂತು, ಕನ್ನಡದಲ್ಲೇ ಗಟ್ಟಿಯಾಗಿ ಹೇಳಿಬಿಟ್ಟೆ: “ಅವಳು ನನ್ನ ಮಗಳು!”

ದಾದಾಗೆ ಅರ್ಥವಾಗಿರಬೇಕು. “ಮಾಶಿಮಾ”, ಅಂದರೆ ಚಿಕ್ಕಮ್ಮ, ಎಂದು ಕರೆದು, ಚೆಂಡನ್ನು ಮೊದಲು ನನ್ನ ಕೈಗೇ ಕೊಟ್ಟರು.