ರಬ್ಬರ್ ಮರಕ್ಕೆ ಅಂಟಿದ ಎಂ.ಆರ್.ಐ.

ನನ್ನ ತಲೆಯ ಎಂ.ಆರ್.ಐ. ಫಿಲ್ಮು ಒಂದು ಇಡೀ ಮಳೆಗಾಲ ರಬ್ಬರ್ ಮರಕ್ಕೆ ಅಂಟಿಕೊಂಡಿತ್ತು. ಅಂಟಿಸಿದ ಮಹಾನುಭಾವರು ನನ್ನ ಗಂಡ.

ಅದಕ್ಕೂ ಮೊದಲು, ಅರಂತೋಡಿನ ನಮ್ಮ ತೋಟದಲ್ಲಿ ರಬ್ಬರ್ ಮರದ ತೊಗಟೆ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮಾಡುವಾಗ ನನ್ನ ಬಲಗೈ ಜೋಮು ಹಿಡಿದು ಕತ್ತಿ ಜಾರತೊಡಗಿತ್ತು. ಒಂದು ಕಣ್ಣು ಮಂಜಾಯಿತು. ವಾಯು ಎಂದವರ ಮಾತು ಕೇಳಿ ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಮಂಗಳೂರಿನ ನರರೋಗದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮೆದುಳಿನಲ್ಲಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರದ ಮೇಲಿನ ಹೊದಿಕೆಯನ್ನು ದೇಹವೇ ಕೆರೆದು ತೆಗೆಯುವ ಕಾಯಿಲೆಯಂತೆ. ತೊಗಟೆ ಕೆತ್ತಿಯೇ ಬದುಕುವ ನನಗೆ ಅದು ಬೇಗ ಅರ್ಥವಾಯಿತು.

ಚುಚ್ಚುಮದ್ದು ಶುರುವಾಗಿ ಕೈ ಚೇತರಿಸಿತು. ಆದರೆ ರೋಗ ಒಳಗೆ ಬೆಳೆಯುವುದು ನಿಂತಿದೆಯೋ ಇಲ್ಲವೋ ಎಂಬುದನ್ನು ಕೈ ಹೇಳುವುದಿಲ್ಲ. ವರ್ಷ ಕಳೆದ ಮೇಲೆ ಡಾಕ್ಟರು ಇನ್ನೊಂದು ಸ್ಕ್ಯಾನಿಗೆ ಬರೆದುಕೊಟ್ಟರು.

"ಹಳೇ ಫಿಲ್ಮ್ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಹೊಸ ಚುಕ್ಕೆ ಬಂದಿದ್ರೆ ಈ ಮದ್ದು ಸೋತಿತು ಅಂತ ಲೆಕ್ಕ."

ಮನೆಗೆ ಬಂದು ನೋಡಿದರೆ ಕಪಾಟಿನಲ್ಲಿ ಬರೀ ಕವರು. ಗಂಡ ತಲೆ ತಗ್ಗಿಸಿ ನಿಂತರು.

"ಮರದ ಪ್ಲಾಸ್ಟಿಕ್ ಹರಿದಿತ್ತು. ನೋಡಿ ಮುಗಿದ ಫೋಟೋ ಅಲ್ವಾ ಅಂತ ಗ್ರಹಿಸಿದೆ ಮಾರಾಯ್ತಿ."

ರಬ್ಬರ್ ಹಾಲಿಗೆ ಮಳೆನೀರು ಇಳಿಯದಂತೆ ಮರದ ಸುತ್ತ ಡಾಮರಿನ ಅಂಟು ಹಚ್ಚಿ ಪ್ಲಾಸ್ಟಿಕ್ ಹೊದಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ತೇಪೆ ಹಾಕುವುದು ನನ್ನ ಗಂಡನ ಚಾಳಿ. ಇನ್ನೊಂದು ಪ್ರತಿ ಕೇಳೋಣವೆಂದರೆ ಮೊದಲ ಸ್ಕ್ಯಾನ್ ಮಾಡಿದ ಕೇಂದ್ರ ಅಷ್ಟರಲ್ಲಿ ಖಾಯಂ ಆಗಿ ಬಾಗಿಲು ಹಾಕಿತ್ತು. ನನಗೆ ಕೋಪ ನೆತ್ತಿಗೇರಿತು. ಬೈಯುತ್ತಲೇ ತೋಟಕ್ಕೆ ಹೋದೆ. ಇಬ್ಬರೂ ಸೇರಿ ಫಿಲ್ಮನ್ನು ಮೆಲ್ಲಗೆ ಬಿಡಿಸಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆವು. ಅಂಚಿನ ಸಾಲು ಹಾಳಾಗಿತ್ತು, ನಡುವಿನ ಚಿತ್ರಗಳು ಉಳಿದಿದ್ದವು.

ಹೊಸ ಸ್ಕ್ಯಾನ್ ಆದ ಮೇಲೆ ಡಾಕ್ಟರು ಹಳೆಯದನ್ನು ಕೈಗೆತ್ತಿಕೊಂಡು ಮೂಗು ಸಿಂಡರಿಸಿದರು. ಎರಡನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಚುಕ್ಕೆ ಮುಟ್ಟಿದರು. ಇದು ಹಳೆಯದು. ಇದೂ ಹಳೆಯದು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಹೊಸದು ಒಂದೂ ಇಲ್ಲ. ಮದ್ದು ಕೆಲಸ ಮಾಡ್ತಾ ಉಂಟು," ಎಂದರು.

"ಇನ್ನೊಮ್ಮೆ ಹೇಳಿ ಡಾಕ್ಟ್ರೇ, ನಂಗೆ ಸರಿ ಕೇಳ್ಲಿಲ್ಲ," ಎಂದರು ಗಂಡ. ಅವರ ಕಿವಿಗೆ ಏನೂ ಆಗಿಲ್ಲ.

ಡಾಕ್ಟರು ನಗುತ್ತ ಮತ್ತೆ ಹೇಳಿದರು. ಮೂರನೆಯ ಸಲ ಹೇಳಿದವಳು ನಾನು, ಹೊರಗೆ ಸರದಿಯಲ್ಲಿ ಕೂತವರಿಗೂ ಕೇಳುವ ಹಾಗೆ: "ಹೊಸದು ಒಂದೂ ಇಲ್ಲ."