ಗಾಳಿ ಸಾಹುಕಾರನ ಎರಡು ನಿಮಿಷ

ನಮ್ಮಣ್ಣ ನಲವತ್ತೊಂದು ವರ್ಷದಿಂದ ನಿಂತೇ ಇದ್ದಾನೆ. ಇಸ್ತ್ರಿ ಅಂಗಡಿಯವನಿಗೆ ಕೂತು ಕೆಲಸ ಮಾಡಲು ಆಗುವುದಿಲ್ಲ. ಮೈಭಾರವೆಲ್ಲ ಪೆಟ್ಟಿಗೆಯ ಮೇಲೆ ಬಿದ್ದರಷ್ಟೇ ಪ್ಯಾಂಟಿನ ಗೆರೆ ನಿಲ್ಲುವುದು. ಅವನ ಮೀನಖಂಡದ ನರಗಳು ಹುರಿಹಗ್ಗದಂತೆ ಉಬ್ಬಿವೆ. "ಇನ್ನೆರಡು ವರ್ಷ ಹೀಗೇ ನಿಂತ್ರೆ ಆಮೇಲೆ ನಿಲ್ಲೋಕೇ ಆಗಲ್ಲ" ಎಂದು ಡಾಕ್ಟರು ಹೇಳಿ ಒಂದು ವರ್ಷವಾಯಿತು. ಅವರ ಮಾತಿಗೆ ಹೆದರಿ ಒಂದು ಬೆತ್ತದ ಕುರ್ಚಿ ತಂದ. ಅಂದಿನಿಂದ ಅದರ ಮೇಲೆ ಗಿರಾಕಿಗಳ ಬಟ್ಟೆ ಗಂಟು ಕೂತಿದೆ, ಅವನು ಕೂತಿಲ್ಲ.

ಅದೇ ಅಂಗಡಿಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಗುಂಡಿ ಹಚ್ಚುವ, ಬಿಚ್ಚಿದ ಅಂಚು ಹೊಲಿಯುವ ತಂಗಿ ನಾನು. ಹಾಗಾಗಿ ಅವನ ಬೈಗುಳಕ್ಕೆಲ್ಲ ನಾನೇ ವಾರಸುದಾರಳು. ಒದ್ದೆ ಬಟ್ಟೆ ತಂದು "ಅರ್ಧ ಗಂಟೇಲಿ ಬೇಕು" ಎನ್ನುವವರಿಗೆ ಅವನು ಹಲ್ಲು ಕಿರಿದು "ಆಗ್ಲಿ ಮೇಡಂ" ಎನ್ನುತ್ತಾನೆ. ಅವರು ರಸ್ತೆಯ ತಿರುವು ದಾಟುವವರೆಗೆ ಕಾದು, ಆಮೇಲೆ ಅವರ ಏಳು ತಲೆಮಾರನ್ನು ಜಾಲಾಡುತ್ತಾನೆ. ಒಬ್ಬರ ಎದುರಿಗಾದರೂ "ಆಗಲ್ಲ" ಎಂದದ್ದನ್ನು ನಾನು ಕಂಡಿಲ್ಲ.

ಷೇರಿನ ಹುಚ್ಚು ಹಿಡಿದದ್ದೂ ಬೈಗುಳದಿಂದಲೇ. ಆಗ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಪೆಟ್ಟಿಗೆ ತಣ್ಣಗಾದಂತೆಲ್ಲ ಅಣ್ಣ ಬಿಸಿಯಾಗುತ್ತಿದ್ದ. ಬ್ಯಾಂಕಿನಿಂದ ನಿವೃತ್ತರಾದ ಹಳೆಯ ಗಿರಾಕಿಯೊಬ್ಬರು ಒಂದು ದಿನ ಅದನ್ನು ಕೇಳಿಸಿಕೊಂಡರು. "ಬೈದು ಬಾಯಿ ನೋಯಿಸ್ಕೊಳ್ಳೋ ಬದ್ಲು ಕರೆಂಟು ಮಾಡೋರಲ್ಲೇ ಒಂದಿಷ್ಟು ದುಡ್ಡು ಹಾಕಪ್ಪ. ಗಾಳಿ, ಬಿಸಿಲಿನ ಕಂಪನಿ. ವರ್ಷ ವರ್ಷ ಲಾಭದಲ್ಲಿ ಪಾಲು, ಅದೇ ಡಿವಿಡೆಂಡ್, ಬರುತ್ತೆ, ಷೇರೂ ಬೆಳೆಯುತ್ತೆ" ಎಂದರು. ಅಣ್ಣನಿಗೆ ಅದು ನಾಟಿತು. ಡಿವಿಡೆಂಡು ಅಂಗಡಿ ಬಾಡಿಗೆಯಷ್ಟಾದ ದಿನ ಪೆಟ್ಟಿಗೆ ಹಿಡಿಯಲು ಒಬ್ಬ ಆಳನ್ನಿಟ್ಟು ತಾನು ಕೂರುವುದು. ಇಷ್ಟೇ ಅವನ ಯೋಜನೆ.

ಐದು ವರ್ಷ ಡಿವಿಡೆಂಡು ಬಂತು. ಬಂದದ್ದರಲ್ಲಿ ಮತ್ತೆ ಅದೇ ಷೇರು ಕೊಂಡ. ರಸ್ತೆಯವರು ಅವನಿಗೆ ಗಾಳಿ ಸಾಹುಕಾರ ಎಂದು ಹೆಸರಿಟ್ಟರು. ಮೊದಲು ಉರಿದುಬಿದ್ದ, ಆಮೇಲೆ ಒಳಗೊಳಗೇ ಉಬ್ಬಿದ. ಅಂಗಡಿ ಬಾಗಿಲಲ್ಲಿ ನಿಂತರೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಅವು ತಿರುಗುತ್ತಿವೆಯೇ ಎಂದು ನೋಡುತ್ತಿದ್ದ.

"ಅವು ನಿನ್ ಕಂಪನೀವಾ?" ಎಂದು ಕೇಳಿದೆ.

"ಅಲ್ಲ. ಆದ್ರೂ ಗಾಳಿ ಎಲ್ಲಾ ಕಡೆ ಒಂದೇ ಅಲ್ವೇನೆ?"

ಆರನೆಯ ವರ್ಷ ಡಿವಿಡೆಂಡು ಬರಲಿಲ್ಲ. ಏಳನೆಯ ವರ್ಷವೂ ಇಲ್ಲ. ಲಾಭ ಬಂದಿದೆ, ಆದರೆ ಅದನ್ನೆಲ್ಲ ಹೊಸ ಸೌರ ಘಟಕಗಳಿಗೆ ಹಾಕುತ್ತಿದ್ದೇವೆ, ದೀರ್ಘಾವಧಿಯ ಬೆಳವಣಿಗೆಗಾಗಿ, ಎಂದು ಕಂಪನಿ ಬರೆದಿತ್ತು. ಅಣ್ಣನಿಗೆ ಅರವತ್ತಮೂರು. "ದೀರ್ಘಾವಧಿ ಅಂತೆ ದೀರ್ಘಾವಧಿ! ನನ್ ಕಾಲು ಕೇಳುತ್ತಾ ಇವರ ಅವಧೀನ?" ಎಂದು ಯಾರದೋ ಅಂಗಿಯ ತೋಳಿನ ಮೇಲೆ ಪೆಟ್ಟಿಗೆ ಕುಕ್ಕಿದ. ಮಾರಿಬಿಡು ಎಂದೆ. ಬೆಲೆ ಅಷ್ಟರಲ್ಲಿ ಇಳಿದಿತ್ತು. ಕೊಂಡ ಬೆಲೆಗೂ ಹೋಗದ ಷೇರನ್ನು ಹೇಗೆ ಮಾರಲಿ ಎಂದು ನನ್ನ ಮೇಲೇ ರೇಗಿದ. ಎಲ್ಲರ ಮೇಲಿನ ಸಿಟ್ಟೂ ನನ್ನ ಮೂಲೆಗೇ ಬರುವುದು.

ಆಗ ಗೊತ್ತಾಯಿತು, ವರ್ಷಕ್ಕೊಮ್ಮೆ ಕಂಪನಿಯ ಸಭೆ ಫೋನಿನಲ್ಲೇ, ವಿಡಿಯೋದಲ್ಲಿ ನಡೆಯುತ್ತದೆ, ಮೊದಲೇ ಹೆಸರು ಕೊಟ್ಟ ಷೇರುದಾರರಿಗೆ ಎರಡು ನಿಮಿಷ ಮಾತಾಡಲು ಬಿಡುತ್ತಾರೆ. ಅಣ್ಣ ಹೆಸರು ಕೊಟ್ಟ. ಅವನ ಸರದಿ ಹನ್ನೊಂದನೆಯದು. "ಬಿಡ್ತೀನಾ? ಮಾಲೀಕ ಕಣೇ ನಾನು, ಚಿಕ್ಕವನಾದ್ರೂ ಮಾಲೀಕ" ಎಂದು ವಾರವಿಡೀ ಹಾರಾಡಿದ. ಅವನು ಹೇಳಬೇಕಾದದ್ದನ್ನು ನಾನು ಅಂಗಿಯ ಮಡಿಕೆಯೊಳಗೆ ಇಡುವ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: "ಲಾಭದಲ್ಲಿ ಅರ್ಧವನ್ನಾದರೂ ಹಂಚಿ. ಯಾವ ವರ್ಷದಿಂದ ಕೊಡುತ್ತೀರಿ, ಇವತ್ತೇ ಹೇಳಿ."

ನನಗಿದ್ದ ಭಯ ಕರೆಂಟಿನದು. ಫೋನು ತುಂಬ ಚಾರ್ಜು ಮಾಡಿದೆ, ಷೇರಿನ ದಾರಿ ತೋರಿಸಿದ ಆ ನಿವೃತ್ತ ಗಿರಾಕಿಯ ಪವರ್ ಬ್ಯಾಂಕನ್ನೂ ತಂದಿಟ್ಟೆ. ಆ ದಿನ ಕರೆಂಟು ಕಣ್ಣು ಮಿಟುಕಿಸಲೂ ಇಲ್ಲ.

ಗಂಜಿ ಡಬ್ಬಿಗೆ ಫೋನು ಒರಗಿಸಿದೆವು. ಕುರ್ಚಿಯ ಗಂಟು ಇಳಿಸಿ "ಕೂತ್ಕೋ" ಎಂದೆ. "ಅಷ್ಟು ದೊಡ್ಡೋರು ಮಾತಾಡ್ವಾಗ ಕೂರೋದೇ?" ಎಂದು ನಿಂತೇ ಇದ್ದ. ಅಂದು ತನ್ನ ಅಂಗಿಗೂ ಇಸ್ತ್ರಿ ಮಾಡಿಕೊಂಡಿದ್ದ. ಹನ್ನೊಂದನೆಯ ಷೇರುದಾರರು ಎಂದು ಕರೆದರು.

"ನಮಸ್ಕಾರ ಸರ್. ಎಲ್ರೂ ಚೆನ್ನಾಗಿದೀರಾ? ನಂಗೆ ಅವಕಾಶ ಕೊಟ್ಟಿದ್ದು ನಿಮ್ಮ ದೊಡ್ಡತನ. ವರದಿ ಪುಸ್ತಕ ಬಹಳ ಚೆನ್ನಾಗಿ ಮಾಡಿದೀರಿ, ಫೋಟೋ ಅಂತೂ..."

ನಾನು ರಟ್ಟು ಎತ್ತಿ ತೋರಿಸಿದೆ. ಅವನು ಕೈಯಲ್ಲೇ ಸುಮ್ಮನಿರು ಎಂದ.

"ಅಧ್ಯಕ್ಷರ ಕಾಲರ್ ಎಷ್ಟು ಚೆನ್ನಾಗಿ ಕೂತಿದೆ ಸರ್, ನಾನೂ ಅದೇ ಕಸುಬಿನವನು, ಅದಕ್ಕೇ ಹೇಳ್ದೆ. ನಿಮ್ಮಂಥೋರ ಕೈಲಿ ಕಂಪನಿ ಇದೆ ಅಂದ್ರೆ ನಮಗೆ ಧೈರ್ಯ..."

ರಟ್ಟಿನಿಂದ ಅವನ ಮೊಣಕೈಗೆ ತಟ್ಟಿದೆ.

"ಒಂದು ಸಣ್ಣ ವಿಷಯ ಸರ್, ತಮಗೆ ಬೇಜಾರಾಗ್ದಿದ್ರೆ..."

"ಸಮಯ ಮುಗಿಯಿತು. ಧನ್ಯವಾದಗಳು. ಹನ್ನೆರಡನೆಯ ಷೇರುದಾರರು."

ಮಾತು ಅತ್ತ ಕೇಳದಂತೆ ಮಾಡಿಬಿಟ್ಟರು. ತೆರೆಯ ಮೇಲಿನ ಮೈಕಿಗೆ ಕೆಂಪು ಗೆರೆ ಬಿತ್ತು. ಆಗ ಬಾಯಿ ಬಿಟ್ಟ ನೋಡಿ ನಮ್ಮಣ್ಣ! "ಯಾವಾಗ ಕೊಡ್ತೀರಯ್ಯಾ? ನಾನು ನಿಂತೂ ನಿಂತೂ ಸಾಯ್ಬೇಕಾ? ಅರವತ್ತಮೂರಾಯ್ತು, ನನ್ ಕಾಲು ನೋಡಿ!" ಒಂದು ಕಡೆಯೂ ತಡವರಿಸಲಿಲ್ಲ. ನನ್ನ ರಟ್ಟಿಗಿಂತ ನೂರು ಪಾಲು ಚೆನ್ನಾಗಿ ಕೇಳಿದ. ಕೇಳಿಸಿಕೊಂಡವಳು ನಾನೊಬ್ಬಳೇ.

"ಇದನ್ನ ಆಗ್ಲೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಕಿರುಚಿದೆ.

"ಎದುರಿಗೆ ಹಾಗೆಲ್ಲ ಹೇಳಕ್ಕಾಗುತ್ತೇನೆ?"

ಕೊನೆಗೆ ಅಧ್ಯಕ್ಷರು ಉತ್ತರ ಹೇಳಿದರು. ಡಿವಿಡೆಂಡ್ ಬೇಕೆಂದು ಕೆಲವರು ಕೇಳಿದ್ದಾರೆ ಎಂದರು. "ಆದರೆ ನಮ್ಮ ಇಸ್ತ್ರಿ ಅಂಗಡಿಯ ಮಿತ್ರರ ಮಾತು ನನ್ನ ಮನಸ್ಸಿಗೆ ತಟ್ಟಿತು. ನಿಮ್ಮ ಕೈಲಿ ಕಂಪನಿ ಇದ್ದರೆ ನಮಗೆ ಧೈರ್ಯ ಎಂದರು. ಅಂಥ ಸಣ್ಣ ಷೇರುದಾರರ ನಂಬಿಕೆಯಿಂದಲೇ ಈ ವರ್ಷವೂ ಲಾಭವನ್ನು ಬೆಳವಣಿಗೆಗೆ ತೊಡಗಿಸುತ್ತಿದ್ದೇವೆ." ಅವರು ಕೈಮುಗಿದರು. ಅಣ್ಣ, ಸರದಿ ಮುಗಿದವರು ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ತಾನೂ ಕೈಮುಗಿದ.

ಅವನ ಮುಖ ನೋಡಲು ನನ್ನಿಂದಾಗಲಿಲ್ಲ. ಮೂಲೆಗೆ ಹೋಗಿ ಮಿಷನ್ ತುಳಿಯತೊಡಗಿದೆ.

ಅಷ್ಟರಲ್ಲಿ ಎದುರು ಮನೆಯ ಮೇಷ್ಟ್ರು ಒಂದು ದೊಡ್ಡ ಗಂಟು ಹೊತ್ತು ಬಂದರು. ಸಂಜೆಯೊಳಗೆ ಬೇಕಿತ್ತಂತೆ. ಎಲ್ಲಿಡಲಿ ಎಂದು ಸುತ್ತ ನೋಡಿದರು. ಅಣ್ಣ ಪೆಟ್ಟಿಗೆಯ ಸ್ವಿಚ್ಚು ಹಾಕಿದ.

"ಆಗ್ಲಿ ಸರ್. ಅಲ್ಲೇ, ಕುರ್ಚಿ ಖಾಲಿ ಇದೆಯಲ್ಲ, ಅದರ ಮೇಲಿಡಿ."