ಪುಕ್ಕಟೆ ಎಲೆಯ ಮರ್ಯಾದೆ

2006ರ ಯುಗಾದಿಗೆ ಹಿಂದಿನ ಭಾನುವಾರ ಮಧ್ಯಾಹ್ನ, ಹೊಸೂರಿನ ಆಲಸನತ್ತಂನ ಬಾಡಿಗೆ ಕೋಣೆಯಲ್ಲಿ, ನಾನು ಮುನಿರಾಜುವಿನ ಹಬ್ಬದ ರಜೆಯನ್ನು ಪೋಕರ್ ಆಡಿ ಗೆದ್ದೆ. ಮೋಸದಿಂದ ಗೆದ್ದೆ. ಅವನಿಗೆ ಇಂದಿಗೂ ಗೊತ್ತಿಲ್ಲ.

ನಾವಿಬ್ಬರೂ ಒಂದೇ ಕಾರ್ಖಾನೆ, ಒಂದೇ ಶಿಫ್ಟು. ರಜೆ ಒಬ್ಬರಿಗೆ ಮಾತ್ರ, ನೀವೇ ತೀರ್ಮಾನಿಸಿಕೊಳ್ಳಿ ಎಂದಿದ್ದರು ಸೂಪರ್‌ವೈಸರ್. ಹಬ್ಬದ ದಿನ ಮಾಲೂರಿನ ಕಡೆ ಮುನಿರಾಜುವಿನ ತಂಗಿಯ ಮಗುವಿಗೆ ಕಿವಿ ಚುಚ್ಚುವುದಿತ್ತು. ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ನನಗೆ ಯಾವ ಕೆಲಸವೂ ಇರಲಿಲ್ಲ. ಆದರೂ, ಆಟವೇ ತೀರ್ಮಾನಿಸಲಿ ಎಂದೆ — ಅವನಿಗೆ ಆಟ ಕಲಿಸಿದವನು ನಾನೇ.

ಪಣ ಹುಣಸೆ ಬೀಜ. ಸುತ್ತುಗಳ ನಡುವೆ ಇಬ್ಬರಿಗೂ ಸೇರಿದ ಎಲೆಗಳನ್ನು ತೆರೆಯುವುದು. ಮೊದಲೆರಡು ಸುತ್ತಿಗೆ ಒಂದೊಂದು, ಕೊನೆಯೆರಡಕ್ಕೆ ಎರಡೆರಡು. ಇಡಲು ಬೀಜವಿಲ್ಲದವನು ಸೋತ. ಇವು ಇಬ್ಬರೂ ಒಪ್ಪಿದ್ದ ನಿಯಮಗಳು. ಇದರ ಜೊತೆ ಇನ್ನೊಂದನ್ನೂ ಕಲಿಸಿದ್ದೆ: ಯಾರಾದರೂ ಪಣ ಏರಿಸಿದರೆ, ಮುಂದಿನ ಸುತ್ತಿನಲ್ಲಿ ಎದುರಾಳಿ ತಾನು ಏನೂ ಇಡದೆ, ಇಡುವ ಬಿಡುವ ಮಾತನ್ನು ಅವನಿಗೆ ಬಿಟ್ಟುಕೊಡಬೇಕು, ಅದು ಮರ್ಯಾದೆ. ಅಂಥ ಮರ್ಯಾದೆ ಎಲ್ಲೂ ಇಲ್ಲ. ನಾನು ಕಟ್ಟಿದ ಸುಳ್ಳು. ಹಿರಿಯರು ತುತ್ತೆತ್ತುವವರೆಗೆ ತಟ್ಟೆ ಮುಟ್ಟದವನು ಮುನಿರಾಜು — ನಂಬಿದ. ಅದನ್ನು ನಾನು ಪೆದ್ದುತನ ಎಂದುಕೊಂಡೆ. ನಗುತ್ತಿದ್ದೆ, ಒಳಗೊಳಗೇ.

ಕೊನೆಯ ಆಟದಲ್ಲಿ ನನಗೆ ನಾಲ್ಕು ಆಟೀನ್, ಕೆಂಪು ಹೃದಯದ ಎಲೆಗಳು, ಸೇರಿದ್ದವು. ಐದನೆಯದು ಬಂದರೆ ಗೆಲುವು, ಬಾರದಿದ್ದರೆ ಕಸ. ಅಗ್ಗದ ಎರಡನೆಯ ಸುತ್ತಿನಲ್ಲೇ ಏರಿಸಿದೆ, ಮುಂದಿನದನ್ನು ಅವನು ಬಿಟ್ಟುಕೊಡಲಿ ಎಂದು. ಎರಡೇ ಬೀಜ ಉಳಿದವು. ಮುಂದಿನ ಎರಡೂ ಸುತ್ತಿನಲ್ಲಿ ಅವನು ಎರಡೆರಡು ಇಟ್ಟಿದ್ದರೆ ನಾನು ಮುಗಿದಿದ್ದೆ. ಮೂರನೆಯ ಸುತ್ತಿಗೆ ಬಂದ ಎಲೆ ಆಟೀನ್ ಅಲ್ಲ. ಅವನು ಇಡಲೆಂದು ಬೀಜ ಎತ್ತಿದ. ಆಮೇಲೆ ಕೈ ಹಿಂದಕ್ಕೆಳೆದುಕೊಂಡ.

“ಏರ್ಸಿರೋನು ನೀನಲ್ವೇನ್ಲಾ. ನಿಂದೇ ಸುತ್ತು, ನೋಡ್ಕೊ.”

ಉಳಿದೆರಡನ್ನು ಇಟ್ಟು ಹೆದರಿಸಬಹುದಿತ್ತು. ಹೆದರಿ ಎಲೆ ಬಿಸಾಡುವವನ ಮುಂದೆ ಹಾಗೆ ಮಾಡಬೇಕು, ಇವನು ಬಿಸಾಡುವವನಲ್ಲ. ಅಂಥವನೆದುರು ಬೀಜ ಸುಡದೆ, ಮುಂದಿನ ಎಲೆಯನ್ನು ಪುಕ್ಕಟೆ ನೋಡಬೇಕು. ಎಷ್ಟು ತಣ್ಣಗೆ ಲೆಕ್ಕ ಹಾಕಿದೆ — ಎದುರಿಗೆ ಕೂತವನ ತೊಡೆಗೆ ಒಂದು ಮಗು ಕಾಯುತ್ತಿದೆ ಎಂಬುದು ಆ ಲೆಕ್ಕದೊಳಗೆ… ಇರಲಿಲ್ಲ. ನಾನೂ ಏನೂ ಇಡಲಿಲ್ಲ. ಎಲೆ ತಿರುಗಿತು. ಆಟೀನ್.

ಈಗ ಅವನು ಎರಡು ಇಟ್ಟ, ನಾನೂ ಎರಡು ಇಟ್ಟೆ. ಅವನ ಬಳಿ ಮೂರು ರಾಜರಿದ್ದರು.

“ನಿನ್ ನಸೀಬು ಕಣ್ಲಾ. ಹೋಗ್ಬುಟ್ಟು ಬಾ,” ಎಂದ.

ನಾನು ಎಲ್ಲೂ ಹೋಗಲಿಲ್ಲ. ಯುಗಾದಿಯ ದಿನ ಅದೇ ಕೋಣೆಯಲ್ಲಿ ಮಧ್ಯಾಹ್ನದವರೆಗೂ ಮಲಗಿದ್ದೆ. ಮಾಲೂರಿನಲ್ಲಿ ಮಗುವನ್ನು ಚಿಕ್ಕಪ್ಪನ ಮಗನೊಬ್ಬ ತೊಡೆಯ ಮೇಲೆ ಕೂರಿಸಿಕೊಂಡನಂತೆ. ಇಸ್ಪೀಟಾಡಿ ರಜೆ ಕಳೆದುಕೊಂಡ ಅಣ್ಣನೊಡನೆ ತಂಗಿ ಎರಡು ವರ್ಷ ಮಾತಾಡಲಿಲ್ಲ. ಅವಳ ಬಾಯಿಂದ ಬಂದ ‘ಜೂಜುಕೋರ’ ಎಂಬ ಮಾತು ನನಗೆ ಸಲ್ಲಬೇಕಾದದ್ದು. ಅದನ್ನು ಅವನು ಹೊತ್ತ, ನಾನು ನೋಡುತ್ತಿದ್ದೆ.

ಹೋದ ತಿಂಗಳು ಜೂಜುವಾಡಿಯ ಟೀ ಅಂಗಡಿಯ ಹಿಂದೆ ಅವನನ್ನು ಕಂಡೆ. ಇಬ್ಬರು ಲಾರಿ ಡ್ರೈವರುಗಳಿಗೆ ಪೋಕರ್ ಕಲಿಸುತ್ತಿದ್ದ. “ಏರ್ಸಿದೋನ್ಗೆ ಮುಂದಿನ್ ಸುತ್ತು ಬಿಟ್ಕೊಡ್ಬೇಕು ಕಣ್ರಪ್ಪಾ, ಅದು ಮರ್ವಾದೆ,” ಎನ್ನುತ್ತಿದ್ದ.